ಇಂಗ್ಲೆಂಡಿನ ಟಾಕ್ ಟಾಕ್ ಬ್ಯಾಂಡಿನ ಕೊನೆಯ ಆಲ್ಬಂ ಯಾವುದು? ಅದು ಹಳೆಯ ಹಾಡುಗಳಿಗಿಂತ ಅಷ್ಟು ಬೇರೆ ಯಾಕೆ?

1991ರಲ್ಲಿ ಬಂದ 'ಲಾಫಿಂಗ್ ಸ್ಟಾಕ್'. ಆರೇ ಹಾಡುಗಳು, ಸುಮಾರು 43 ನಿಮಿಷ.

ಇವರದೇ 1984ರ ಪಾಪ್ ಹಾಡು 'ಇಟ್ಸ್ ಮೈ ಲೈಫ್' ಕೇಳಿ ಇದಕ್ಕೆ ಬಂದವರಿಗೆ ಇದು ಅದೇ ಬ್ಯಾಂಡಾ ಅನ್ನಿಸುತ್ತೆ. ಗಾಯಕ ಮಾರ್ಕ್ ಹಾಲಿಸ್‌ಗೆ ಅಷ್ಟೊತ್ತಿಗೆ ಪಾಪ್ ಸಾಕಾಗಿತ್ತು. ಬೇಸ್ ನುಡಿಸುತ್ತಿದ್ದ ಪಾಲ್ ವೆಬ್ ಆಗಲೇ ಬಿಟ್ಟು ಹೋಗಿದ್ದರು. ಉಳಿದವರು ಹಾಲಿಸ್ ಮತ್ತು ಡ್ರಮ್ಮರ್ ಲೀ ಹ್ಯಾರಿಸ್. ನಿರ್ಮಾಪಕ ಟಿಮ್ ಫ್ರೀಸ್-ಗ್ರೀನ್ ಜೊತೆಗಿದ್ದರು.

ನಿಜವಾದ ಮಜಾ ಇರೋದು ರೆಕಾರ್ಡಿಂಗ್‌ನಲ್ಲಿ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತರು. ಗಡಿಯಾರ ತೆಗೆಸಿದರು, ಕೋಣೆ ಕತ್ತಲು ಮಾಡಿದರು. ಹೊರಗಿನಿಂದ ಬಂದ ವಾದಕರಿಗೆ ಬರೆದ ಸ್ವರಗಳನ್ನು ಕೊಡದೆ, ತೋಚಿದ್ದು ನುಡಿಸಿ ಎಂದರು. ಆಮೇಲೆ ಅದರಲ್ಲಿ ಬಹುಪಾಲನ್ನು ಎಸೆದು, ಹಿಡಿಸಿದ ಚೂರುಗಳನ್ನಷ್ಟೇ ಜೋಡಿಸಿದರು. ಅದಕ್ಕೇ ಇಲ್ಲಿ ಮೌನ ಜಾಸ್ತಿ. ಮೊದಲ ಹಾಡು ಶುರುವಾಗೋದೇ ಆಂಪ್ಲಿಫೈಯರ್‌ನ ಬರೀ 'ಸ್ಸ್‌' ಸದ್ದಿನಿಂದ. 'ಆಫ್ಟರ್ ದ ಫ್ಲಡ್'ನಲ್ಲಂತೂ ಒಂದೇ ಸ್ವರ ನಿಮಿಷಕ್ಕೂ ಜಾಸ್ತಿ ಹೊತ್ತು ಕಿರುಚುತ್ತದೆ. ನನಗೆ ಇಡೀ ಆಲ್ಬಂನಲ್ಲಿ ಅದೇ ಇಷ್ಟ!

ಆಗ ಇದು ಅಷ್ಟೇನೂ ಮಾರಾಟವಾಗಲಿಲ್ಲ, ಬ್ಯಾಂಡೂ ಮುಗಿಯಿತು. ಪೋಸ್ಟ್-ರಾಕ್ (ರಾಕ್ ವಾದ್ಯಗಳಿಂದಲೇ ರಾಕ್ ಅಲ್ಲದ ಸಂಗೀತ ಮಾಡೋ ಶೈಲಿ) ಮಂದಿ ಈಗ ಇದನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಹೊಸಬರಾದರೆ ಇದರಲ್ಲಿನ 'ನ್ಯೂ ಗ್ರಾಸ್' ಹಾಡಿನಿಂದ ಶುರು ಮಾಡಿ, ಹೆಡ್‌ಫೋನ್ ಹಾಕಿಕೊಂಡು.