ನಾಮಿನಿ ಇದ್ದರೆ ಸಾಕೇ?

ರಾಜಾಜಿನಗರದ ಹಿರಿಯ ಓದುಗರೊಬ್ಬರ ಪತ್ರ: “ನನಗೆ 71. ಸಂಬಳದಲ್ಲಿ ಉಳಿಸಿ ಕೊಂಡ ಸೈಟಿನಲ್ಲಿ ಮನೆ ಕಟ್ಟಿಸಿದೆ. ಮೇಲಿನ ಮಹಡಿ ಮಾತ್ರ ಕಿರಿಮಗ ಸಾಲ ಮಾಡಿ ಕಟ್ಟಿಸಿದ್ದು. ಎಫ್‌ಡಿಗಳಿಗೆಲ್ಲ ದೊಡ್ಡ ಮಗ ನಾಮಿನಿ. ಮಗಳ ಮದುವೆ ಚೆನ್ನಾಗಿಯೇ ಮಾಡಿದ್ದೇನೆ. ಉಯಿಲು ಅಂದರೆ ಮನೆಯಾಕೆ ‘ಬಿಡ್ತು ಅನ್ನಿ’ ಅನ್ನುತ್ತಾಳೆ. ಮನೆಯನ್ನು ಈಗಲೇ ಗಂಡುಮಕ್ಕಳಿಗೆ ದಾನಪತ್ರ ಮಾಡಿಬಿಡಲೇ?”

ಸರ್, ದಯವಿಟ್ಟು ಅವಸರ ಮಾಡಬೇಡಿ. ದಾನಪತ್ರ ರಿಜಿಸ್ಟರ್ ಆದರೆ ಮನೆ ನಿಮ್ಮದಲ್ಲ. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಕೊಟ್ಟು, ಮಕ್ಕಳು ಮಾತು ತಪ್ಪಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಲು ದಾರಿಯಿದೆ, ನಿಜ. ಆದರೆ ಈ ವಯಸ್ಸಿನಲ್ಲಿ ಹೆತ್ತ ಮಕ್ಕಳ ಮೇಲೆ ಅರ್ಜಿ ಹಿಡಿದು ಅಲೆಯುವ ಪಾಡು ಯಾಕೆ? ಉಯಿಲು ಹಾಗಲ್ಲ. ನೀವಿರುವ ತನಕ ಮನೆ ನಿಮ್ಮದೇ. ಮನಸ್ಸು ಬದಲಾದರೆ ಹೊಸದು ಬರೆಯಬಹುದು.

ನಾಮಿನಿ ಎಂದರೆ ಬ್ಯಾಂಕಿನಿಂದ ದುಡ್ಡು ತೆಗೆದುಕೊಳ್ಳುವವನು, ಅಷ್ಟೇ. ಆ ದುಡ್ಡು ವಾರಸುದಾರರೆಲ್ಲರದ್ದು.

ನನಗೆ ಚಿಂತೆಯಾಗಿದ್ದು ಆ ಮಹಡಿಯ ಮಾತು ಓದಿದಾಗ. ಉಯಿಲು ಇಲ್ಲದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ಪತ್ನಿ ಮತ್ತು ಮೂವರು ಮಕ್ಕಳಿಗೆ ನಾಲ್ಕು ಸಮಪಾಲು. (ನಿಮ್ಮ ತಾಯಿ ಇದ್ದರೆ ಅವರಿಗೂ ಒಂದು.) ಕಿರಿಮಗ ಕಟ್ಟಿದ ಕಂತು ಆ ಲೆಕ್ಕದಲ್ಲಿ ತಾನಾಗಿ ಬರುವುದಿಲ್ಲ. ಅವನು “ನನ್ನ ದುಡ್ಡು” ಅನ್ನುತ್ತಾನೆ, ಅಣ್ಣ “ಅಪ್ಪನ ಮನೆ” ಅನ್ನುತ್ತಾನೆ. ಇಬ್ಬರದ್ದೂ ಸುಳ್ಳಲ್ಲ, ಅಲ್ವಾ? ಇದನ್ನು ಬಿಡಿಸಿ ಹೇಳಬಲ್ಲವರು ನೀವೊಬ್ಬರೇ. ಅವನು ಎಷ್ಟು ಹಾಕಿದ, ಅದಕ್ಕೆ ಏನು ಕೊಡುತ್ತೀರಿ ಎಂದು ಉಯಿಲಿನಲ್ಲೇ ಬರೆಯಿರಿ. ಮದುವೆಗೆ ಖರ್ಚು ಮಾಡಿದ ಮಾತ್ರಕ್ಕೆ ಮಗಳ ಪಾಲು ಹೋಗುವುದಿಲ್ಲ. ಹೋಗಲೂಬಾರದು. ಸ್ವಂತ ಸಂಪಾದನೆಯನ್ನು ಯಾರಿಗೆ ಬೇಕಾದರೂ ಬರೆಯುವ ಹಕ್ಕು ನಿಮಗಿದೆ. ಆದರೂ ಅವಳನ್ನು ಸುಮ್ನೆ ಬಿಟ್ಟುಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಮೊದಲ ಸಾಲು ನಿಮ್ಮ ಪತ್ನಿಯ ಬಗ್ಗೆ ಇರಲಿ. ಬದುಕಿರುವ ತನಕ ಆ ಮನೆಯಲ್ಲಿರುವ ಹಕ್ಕು, ಬಾಡಿಗೆ ಬಂದರೆ ಅದೂ ಅವರಿಗೇ. ಇದನ್ನು ಓದಿ ಹೇಳಿ. ಆಮೇಲೆ ಅವರು “ಬಿಡ್ತು” ಅನ್ನಲಿಕ್ಕಿಲ್ಲ.

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ರಿಜಿಸ್ಟರ್ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿ. ಕರಡನ್ನು ಒಮ್ಮೆ ವಕೀಲರಿಗೆ ತೋರಿಸಿ.

ಮುಂದಿನ ಹಬ್ಬಕ್ಕೆ ಮಕ್ಕಳು ಬಂದಾಗ ಮೂವರನ್ನೂ ಕೂರಿಸಿಕೊಂಡು ಹೇಳಿಬಿಡಿ. ಕಾಗದ ಯಾವ ಬೀರುವಿನಲ್ಲಿದೆ ಎನ್ನುವುದು ಮಗಳಿಗೂ ಗೊತ್ತಿರಲಿ.

— ಸಂಪಾದಕ