ಸಂಪಾದಕರ ಉತ್ತರ: ಮಗಳನ್ನು ನಾಲ್ಕನೇ ವರ್ಷಕ್ಕೆ ಕಳಿಸಲೇ?

ಹಾಸನ ಜಿಲ್ಲೆಯ ತಾಯಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ನನ್ನ ಮಗಳು 2023ರಲ್ಲಿ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದಳು. ಐದು ಸೆಮಿಸ್ಟರ್ ಮುಗಿದಿವೆ. ಒಟ್ಟು 77% ಇದೆ. ಸಸ್ಯಶಾಸ್ತ್ರ ಅಂದರೆ ಅವಳಿಗೆ ಪ್ರಾಣ. ಈಗ ನಾಲ್ಕನೇ ವರ್ಷ ಆನರ್ಸ್ ಮಾಡ್ತೀನಿ ಅಂತಿದ್ದಾಳೆ. ಅವಳ ಸೋದರಮಾವ, ಮೂರು ವರ್ಷಕ್ಕೇ ಡಿಗ್ರಿ ಸಿಗುವಾಗ ಇನ್ನೊಂದು ವರ್ಷ ಯಾಕೆ ದಂಡ, ಬಿಎಡ್ ಮಾಡಿಸು ಅಂತಾರೆ. ಸರ್ಕಾರ ಆನರ್ಸನ್ನೇ ತೆಗೆದುಹಾಕಿದೆ ಅಂತಲೂ ಕೇಳಿದೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ನನಗೆ ತಿಳಿಯುವ ಹಾಗೆ ಹೇಳಿ."

ನಮಸ್ಕಾರ ಅಮ್ಮ,

ಮೊದಲು ಸರ್ಕಾರದ ವಿಷಯ ಹೇಳಿಬಿಡುತ್ತೇನೆ. ಹೊಸ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದವಿ ನಮ್ಮ ರಾಜ್ಯಕ್ಕೆ 2021-22ರಲ್ಲಿ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ. ಆದರೆ ಅದಕ್ಕೆ ಮೊದಲು ಸೇರಿದವರು ಬೇಕಿದ್ದರೆ ನಾಲ್ಕನೇ ವರ್ಷ ಮುಂದುವರಿಸಬಹುದು. ನಿಮ್ಮ ಮಗಳದು ಆ ಪದ್ಧತಿಯ ಕೊನೆಯ ಬ್ಯಾಚು. ಹಾಗಾಗಿ ನೀವು ಕೇಳಿದ್ದರಲ್ಲಿ ಅರ್ಧ ನಿಜ.

ಇನ್ನು ಅವಳ ಸೋದರಮಾವನ ಮಾತು. ಅವರು ಹೇಳುವುದರಲ್ಲೂ ಹುರುಳಿದೆ. ಅವಳು ಹೈಸ್ಕೂಲ್ ಟೀಚರ್ ಆಗಬೇಕು ಅಂದುಕೊಂಡಿದ್ದರೆ ಮೂರು ವರ್ಷದ ಪದವಿ ಮತ್ತು ಬಿಎಡ್ ಸಾಕು. ಕೆಎಎಸ್, ಬ್ಯಾಂಕ್ ಪರೀಕ್ಷೆ ಬರೆಯುವುದಕ್ಕೂ ಆನರ್ಸ್ ಬೇಕಾಗಿಲ್ಲ. ಸರ್ಟಿಫಿಕೇಟಿನ ಮೇಲೆ ಒಂದು ಪದ ಜಾಸ್ತಿ ಇರಲಿ ಅಂತ ಸುಮ್ನೆ ಒಂದು ವರ್ಷ ಕೊಡಬೇಡಿ. ಆ ದುಡ್ಡಿಗೂ ಅವಳ ವಯಸ್ಸಿಗೂ ಬೆಲೆ ಇದೆ.

ಆದರೆ ಸಸ್ಯಶಾಸ್ತ್ರ ಅವಳಿಗೆ ಪ್ರಾಣ ಅಂತ ನೀವೇ ಬರೆದಿದ್ದೀರಿ. ನನ್ನ ಮನಸ್ಸು ಅಲ್ಲೇ ನಿಂತಿತು. ಈ ವರ್ಷ ಇರುವುದೇ ಅಂಥ ಮಕ್ಕಳಿಗೆ.

ಮೊದಲ ಮೂರು ವರ್ಷ ಬೇರೆಯವರು ಕಂಡುಹಿಡಿದದ್ದನ್ನು ಓದುತ್ತಾರೆ. ಆನರ್ಸ್‌ನಲ್ಲಿ ಸಂಶೋಧನೆಯ ದಾರಿ ಹಿಡಿದರೆ ತಾವೇ ಒಂದು ಪ್ರಶ್ನೆ ಕೇಳಿ, ತಾವೇ ಉತ್ತರ ಹುಡುಕಿ, ಪ್ರಬಂಧ ಬರೆಯಬೇಕು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2022ರ ಡಿಸೆಂಬರಿನಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಈ ಪ್ರಬಂಧಕ್ಕೇ 12 ಕ್ರೆಡಿಟ್ (ಓದಿನ ಭಾರ ಅಳೆಯುವ ಲೆಕ್ಕ) ಇದೆ. ಸಂಶೋಧನೆ ಬೇಡ ಎಂದವರು ಅದರ ಬದಲು ಬೇರೆ ಪೇಪರ್ ಓದಿ ಬರೀ ಆನರ್ಸ್ ಪಡೆಯಬಹುದು. ಸಂಶೋಧನೆಯ ದಾರಿಗೆ ಮೊದಲ ಆರು ಸೆಮಿಸ್ಟರ್ ಸೇರಿ 75% ಬೇಕು. ಅವಳ 77% ಈಗ ಸಾಕು. ಆದರೆ ಆರನೇ ಸೆಮಿಸ್ಟರ್ ಇನ್ನೂ ಬಾಕಿ ಇದೆ, ಅಲ್ವಾ? ಅಲ್ಲಿ ಕೈ ಸಡಿಲ ಮಾಡಬಾರದು.

ಒಂದು ಉದಾಹರಣೆ ಕೊಡುತ್ತೇನೆ. ಅವಳು "ಕರ್ನಾಟಕದ ಕೆರೆಗಳ ಮಾಲಿನ್ಯ" ಅಂತ ವಿಷಯ ತೆಗೆದುಕೊಂಡರೆ ಹತ್ತು ಜನ ಸೇರಿದರೂ ಮುಗಿಯುವುದಿಲ್ಲ. ಕೊನೆಗೆ ಇಂಟರ್ನೆಟ್ಟಿನಿಂದ ನಕಲು ಮಾಡಿ ತುಂಬಿಸುವ ಹಾಗಾಗುತ್ತದೆ. ಅದರ ಬದಲು ನಿಮ್ಮೂರ ಕೆರೆಯೊಂದನ್ನೇ ಹಿಡಿಯಲಿ. ಕೋಡಿಯ ಹತ್ತಿರ, ಬಟ್ಟೆ ಒಗೆಯುವ ಕಡೆ, ಗದ್ದೆಯ ನೀರು ಬಂದು ಸೇರುವ ಕಡೆ, ಹೀಗೆ ಮೂರು ಜಾಗ ಗೊತ್ತು ಮಾಡಿಕೊಳ್ಳಲಿ. ಆಗಸ್ಟಿನಿಂದ ಜನವರಿವರೆಗೆ ಪ್ರತಿ ತಿಂಗಳು ಅಲ್ಲಿಂದ ನೀರು ತರಲಿ. ಯಾವ ಜಾತಿಯ ಪಾಚಿ ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ ಹೆಚ್ಚುತ್ತದೆ? ಇಷ್ಟೇ ಪ್ರಶ್ನೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಬೇಕಾದರೆ ಮಾದರಿಗೆ ಹಾಕುವ ರಾಸಾಯನಿಕವನ್ನು ಕೆರೆ ದಂಡೆಯಲ್ಲೇ ಹಾಕಬೇಕು, ಲ್ಯಾಬಿಗೆ ತಂದು ಹಾಕಿದರೆ ಲೆಕ್ಕ ತಪ್ಪುತ್ತದೆ. ಪಾಚಿ ಕೆಡದ ಹಾಗೆ ಲುಗಾಲ್ ಎಂಬ ಅಯೋಡಿನ್ ದ್ರಾವಣದಲ್ಲಿ ಇಡಬೇಕು. ಮೈಕ್ರೋಸ್ಕೋಪಿನ ಕೆಳಗೆ ಗಂಟೆಗಟ್ಟಲೆ ಕೂತು ಎಣಿಸಬೇಕು. ಒಂದು ತಿಂಗಳು ತಪ್ಪಿಸಿದರೆ ಆ ತಿಂಗಳು ಮತ್ತೆ ಬರುವುದಿಲ್ಲ. ಇದನ್ನು ಒಮ್ಮೆ ಮಾಡಿದ ಹುಡುಗಿ ಮುಂದೆ ಯಾರಾದರೂ ಏನಾದರೂ ಹೇಳಿದರೆ "ಹೇಗೆ ಗೊತ್ತಾಯಿತು?" ಅಂತ ಕೇಳುವುದನ್ನು ಕಲಿಯುತ್ತಾಳೆ. ಇದಕ್ಕಾಗಿ ಒಂದು ವರ್ಷ ಕೊಡಬಹುದು ಅಂತ ನಾನು ನಂಬುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 2011ರಿಂದ ನಡೆಯುತ್ತಿರುವ ನಾಲ್ಕು ವರ್ಷದ ಪದವಿಯಲ್ಲೂ ಕೊನೆಯ ವರ್ಷದ ಮುಖ್ಯ ಕೆಲಸ ಸಂಶೋಧನೆಯೇ. ಆ ರುಚಿ ತಾಲ್ಲೂಕಿನ ಮಕ್ಕಳಿಗೂ ಸಿಗಬೇಕು.

ಇಲ್ಲಿ ಒಂದು ದೊಡ್ಡ ತೊಡಕಿದೆ, ಮುಚ್ಚಿಡುವುದಿಲ್ಲ. ಈ ವರ್ಷ ನಿಲ್ಲುವುದು ಗೈಡ್ ಮೇಲೆ, ಅಂದರೆ ಪ್ರಬಂಧಕ್ಕೆ ದಾರಿ ತೋರಿಸುವ ಅಧ್ಯಾಪಕರ ಮೇಲೆ. ನಮ್ಮ ಎಷ್ಟೋ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರಿಂದಲೇ ನಡೆಯುತ್ತಿವೆ. ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಆದರೆ ಮುಂದಿನ ವರ್ಷ ಇಲ್ಲೇ ಇರುತ್ತೇವೋ ಇಲ್ಲವೋ ಎನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಪ್ರಬಂಧದ ನಡುವೆ ಗೈಡ್ ಬದಲಾದರೆ ಮಗು ನಡುನೀರಿನಲ್ಲಿ ನಿಲ್ಲುತ್ತದೆ. ಅದಕ್ಕೇ ಸೇರುವ ಮೊದಲು ವಿಭಾಗದಲ್ಲಿ ಪಿಎಚ್‌ಡಿ ಮಾಡಿದ ಕಾಯಂ ಅಧ್ಯಾಪಕರು ಎಷ್ಟು ಜನ ಇದ್ದಾರೆ, ಅವರಲ್ಲಿ ಒಬ್ಬರು ವಾರಕ್ಕೊಮ್ಮೆಯಾದರೂ ಇವಳ ಜೊತೆ ಕೂರುತ್ತಾರಾ ಅಂತ ವಿಚಾರಿಸಿ. ನಾಲ್ಕನೇ ವರ್ಷ ಎಲ್ಲ ಕಾಲೇಜುಗಳಲ್ಲೂ ಇಲ್ಲ. ಬೇರೆ ಊರಿಗೆ ಹೋಗಬೇಕಾದರೆ ಹಾಸ್ಟೆಲ್ ಖರ್ಚು ಬರುತ್ತದೆ. ಎಸ್‌ಎಸ್‌ಪಿಯ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ಈ ವರ್ಷಕ್ಕೂ ಸಿಗುತ್ತದೆಯೇ ಎಂದು ಕಾಲೇಜಿನ ಆಫೀಸಿನಲ್ಲಿ ಕೇಳಿ.

ಮುಂದಿನ ಓದಿನ ಲೆಕ್ಕವೂ ಇದೆ. ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದಲ್ಲಿ ಎಂಎಸ್ಸಿ ಮುಗಿಸುವ ದಾರಿಯನ್ನು ಯುಜಿಸಿ ತೆರೆದಿದೆ. ಆದರೆ ಆ ಒಂದು ವರ್ಷದ ಎಂಎಸ್ಸಿ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇಲ್ಲ. ಇಲ್ಲದ ಕಡೆ ಸೇರಿದರೆ ಮತ್ತೆ ಎರಡು ವರ್ಷ, ಒಟ್ಟು ಆರು. ಅವಳು ಹೋಗಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ ಈಗಲೇ ವಿಚಾರಿಸಿಕೊಳ್ಳಲಿ. ನಾಲ್ಕು ವರ್ಷದ ಪದವಿಯಲ್ಲಿ 75% ಬಂದರೆ ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಪಿಎಚ್‌ಡಿಗೆ ಅರ್ಹತೆ ನೋಡುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಕಟ್ಟಬಹುದು. ಸಂಶೋಧನೆಯಲ್ಲೇ ಮುಂದುವರಿಯುವವರಿಗೆ ಇದು ಸಣ್ಣ ಮಾತಲ್ಲ.

ಸೇರಿದ ಮೇಲೆ ಮುಗಿಸುವ ಬಗ್ಗೆ ಮಗಳಿಗೇ ಒಂದು ಮಾತು. ಕಷ್ಟ ಬರುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಕೆಲಸ ಎಲ್ಲ ಮುಗಿಸಿ ಕೊನೆಯಲ್ಲಿ ಬರೆಯೋಣ ಅಂತ ಇಟ್ಟುಕೊಂಡರೆ ಪರೀಕ್ಷೆ, ವೈವಾ (ಬಾಯಿಮಾತಿನ ಪರೀಕ್ಷೆ), ಪ್ರಬಂಧ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಮೊದಲ ತಿಂಗಳಿಂದಲೇ ಒಂದು ನೋಟ್‌ಬುಕ್ ಇಡಮ್ಮ. ತಾರೀಖು, ಹೊತ್ತು, ಜಾಗ, ಕಂಡದ್ದು, ಎಲ್ಲ ಅಂದಂದೇ ಬರೆ. ತಿಂಗಳಿಗೆ ನಾಲ್ಕು ಪುಟ ಬರೆದು ಗೈಡಿಗೆ ತೋರಿಸು. ಅಂದುಕೊಂಡ ಉತ್ತರ ಬರದಿದ್ದರೆ ಹೆದರಬೇಡ, ಅಂಕಿ ತಿದ್ದಬೇಡ. ಬಂದದ್ದನ್ನು ಬಂದ ಹಾಗೇ ಬರೆದ ಪ್ರಬಂಧವನ್ನು ವೈವಾದಲ್ಲಿ ಧೈರ್ಯವಾಗಿ ಎತ್ತಿ ಹಿಡಿಯಬಹುದು.

ಅಮ್ಮ, ಯಾವುದೋ ಕಾರಣಕ್ಕೆ ಈ ವರ್ಷ ಪೂರ್ತಿ ಆಗದಿದ್ದರೂ ಮೂರು ವರ್ಷದ ಪದವಿ ಅವಳ ಕೈಯಲ್ಲೇ ಇರುತ್ತದೆ. ಆ ಭಯ ಬೇಡ. ಆರನೇ ಸೆಮಿಸ್ಟರ್ ಪರೀಕ್ಷೆ ಶುರುವಾಗುವ ಮೊದಲೇ ಅವಳ ಜೊತೆ ಹೋಗಿ ವಿಭಾಗದ ಮುಖ್ಯಸ್ಥರನ್ನು ಕಂಡು ಬನ್ನಿ. ಆಗುವುದಾದರೆ ಅವಳ ಮಾವನನ್ನೂ ಕರೆದುಕೊಂಡು ಹೋಗಿ. ಅವರಿಗಿರುವ ಪ್ರಶ್ನೆಗಳನ್ನು ಅವರೇ ಕೇಳಲಿ. ಸೇರಿದರೆ ನಮಗೊಂದು ಕಾರ್ಡ್ ಹಾಕಿ. ಪ್ರಬಂಧ ಮುಗಿದ ಮೇಲೆ ಅದರ ಸಾರವನ್ನು ಅವಳು ಎರಡು ಪುಟ ಕನ್ನಡದಲ್ಲಿ ಬರೆದು ಕಳಿಸಲಿ, ಪ್ರಕಟಿಸೋಣ.

– ಸಂಪಾದಕ