ಮೊದಲ ದಿನ ಏನು ಕಲಿಸಲಿ, ಅಕ್ಕೋರೆ?

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ಹೋದ ವರ್ಷ ಬಿ.ಎಸ್ಸಿ. ಮುಗಿಸಿದೆ. ನಮ್ಮೂರ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರ ಗ್ರಂಥಾಲಯ) ಏಪ್ರಿಲ್ ಮಧ್ಯದಿಂದ ಮಕ್ಕಳ ಬೇಸಿಗೆ ಶಿಬಿರ ಇದೆ. ಕಲಿಸುವ ಕೆಲಸ ನನಗೆ ಬಂದಿದೆ. ನಾಲ್ಕರಿಂದ ಎಂಟನೇ ಕ್ಲಾಸಿನವರೆಗಿನ ನಲವತ್ತು ಮಕ್ಕಳು. ಮೊದಲ ದಿನ 11 ಗಂಟೆಗೆ ಉದ್ಘಾಟನೆ, ಆಮೇಲೆ ಗಣಿತ, ಇಂಗ್ಲಿಷ್ ಟೆಸ್ಟ್ ಮಾಡಿ ಜಾಣರು, ದಡ್ಡರು ಅಂತ ಎರಡು ಗುಂಪು ಮಾಡು ಎನ್ನುತ್ತಿದ್ದಾರೆ ಹಿರಿಯರು. ನನಗೆ ಒಳಗೊಳಗೇ ಭಯ. ಮೊದಲ ದಿನ ಏನು ಕಲಿಸಲಿ?
– ಓದುಗಿ, ಕುಷ್ಟಗಿ ತಾಲೂಕು

ಉತ್ತರ: ತಂಗಿ, ಟೆಸ್ಟ್ ಬೇಡ. ಇದನ್ನು ಹಿರಿಯರಿಗೆ ಗಟ್ಟಿಯಾಗಿಯೇ ಹೇಳು, ಅಕ್ಕೋರು ಹೇಳಿದ್ದಾರೆ ಅಂತ ಬೇಕಾದರೆ ನನ್ನ ಹೆಸರನ್ನೇ ಹಾಕು. ಪರೀಕ್ಷೆ ಮುಗಿಸಿ ಈಗಷ್ಟೇ ಉಸಿರು ಬಿಟ್ಟ ಮಕ್ಕಳು ಅವರು. ಶಿಬಿರಕ್ಕೆ ಹಾಜರಿ ಕಡ್ಡಾಯ ಅಲ್ಲ. ಮೊದಲ ದಿನ ದಡ್ಡರ ಗುಂಪಿಗೆ ಬಿದ್ದ ಹುಡುಗ ಎರಡನೇ ದಿನ ಬರುವುದಿಲ್ಲ. ಶಿಬಿರ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವನೇ ತಪ್ಪಿಸಿಕೊಂಡ ಹಾಗಾಯಿತು, ಅಲ್ವಾ?

ಇನ್ನು 11 ಗಂಟೆಯ ಉದ್ಘಾಟನೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ದೊಡ್ಡವರಿಗೆ ತಡೆಯಲಾಗದ ಬಿಸಿಲು ಮಕ್ಕಳಿಗೆ ಹೇಗೆ ತಡೆದೀತು? ತಗಡಿನ ಶೀಟಿನ ಕೆಳಗೆ ಕೂತು ಹಾರ, ಶಾಲು, ಸ್ವಾಗತ, ವಂದನಾರ್ಪಣೆ ಎಲ್ಲ ನೋಡುವ ಮಗುವಿಗೆ ಅಲ್ಲಿ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಗಣ್ಯರನ್ನು ಕೊನೆಯ ದಿನ ಕರೆಯಿರಿ. ಅಷ್ಟರಲ್ಲಿ ಮಕ್ಕಳ ಕೈಯಲ್ಲಿ ತೋರಿಸಲಿಕ್ಕೆ ಏನಾದರೂ ಇರುತ್ತದೆ.

ನೀನು ಬೆಳಗ್ಗೆ 7.30ಕ್ಕೆ ಶುರು ಮಾಡು, 10ಕ್ಕೆ ಮುಗಿಸು. ಒಂದು ಮೀಟರ್ ಉದ್ದದ ನೇರ ಕೋಲು, ಒಂದಿಷ್ಟು ದಾರ, ಸೀಮೆಸುಣ್ಣ, ಅಳತೆ ಟೇಪು. ಇಷ್ಟೇ ಸಾಮಾನು. ಅಂಗಳದಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಬೀಳುವ ಜಾಗ ಹುಡುಕಿ ಕೋಲು ನೆಡಿಸು. ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಡಲಿ. ಗಾರೆ ಕೆಲಸದವರ ಮಕ್ಕಳಿದ್ದರೆ ಅವರೇ ಮುಂದೆ ಬಂದು ಮಾಡುತ್ತಾರೆ, ನೀನು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಪ್ರತಿ ಮಗುವೂ ಒಂದೊಂದು ಕಲ್ಲು ತಂದು ಅದರ ಮೇಲೆ ತನ್ನ ಹೆಸರು ಬರೆಯಲಿ. ಐದು ನಿಮಿಷಕ್ಕೊಮ್ಮೆ ಇಬ್ಬರು ಬಂದು ನೆರಳಿನ ತುದಿಗೆ ತಮ್ಮ ಕಲ್ಲು ಇಡಬೇಕು. ಇಡುವಾಗ ಹೆಸರು, ಓಣಿ, ತನಗೆ ಚೆನ್ನಾಗಿ ಬರುವ ಒಂದು ಕೆಲಸ ಹೇಳಬೇಕು. ಈಜು, ಕುರಿ ಕಾಯೋದು, ರೊಟ್ಟಿ ಬಡಿಯೋದು, ಏನಾದರೂ ಸರಿ. ನಿನಗೆ ನಲವತ್ತು ಹೆಸರು ಗೊತ್ತಾಗುವ ದಾರಿಯೂ ಇದೇ. ಸರದಿ ಬಾರದವರು ಒಳಗೆ ಪುಸ್ತಕ ನೋಡುತ್ತಿರಲಿ, ಚಿತ್ರ ಬರೆಯುತ್ತಿರಲಿ. ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಬೇಡ.

ಎಂಟು ಗಂಟೆಗೆ ನೆರಳು ಸುಮಾರು ಎರಡು ಮೀಟರ್ ಇರುತ್ತದೆ. ಹತ್ತಕ್ಕೆ ಮುಕ್ಕಾಲು ಮೀಟರ್‌ಗೂ ಒಂಚೂರು ಕಡಿಮೆ. ನಾಲ್ಕನೇ ಕ್ಲಾಸಿನವರು ಗೇಣಲ್ಲಿ ಅಳೆಯಲಿ, ಎಂಟನೆಯವರು ಟೇಪಿನಲ್ಲಿ ಅಳೆದು ಗ್ರಾಫ್ ಹಾಕಲಿ. ಒಂದೇ ಕೋಲಿನ ಸುತ್ತ ಐದೂ ಕ್ಲಾಸಿಗೆ ಪಾಠ ಇದೆ. ಕಲ್ಲುಗಳ ಸಾಲು ನೋಡಿ 'ನೆರಳು ಯಾಕೆ ಸರಿಯಿತು, ಯಾಕೆ ಗಿಡ್ಡವಾಯಿತು?' ಎಂದು ಕೇಳು. ಉತ್ತರ ನೀನೇ ಹೇಳಿಬಿಡಬೇಡ, ಆ ದಿನವಂತೂ ಬೇಡವೇ ಬೇಡ. ಜಗಳ ಆಡಿಕೊಂಡು ಮನೆಗೆ ಹೋಗಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು ಎಂದು ಮಾತ್ರ ಮರೆಯದೆ ಹೇಳು.

ಈ ಕೋಲು ಶಿಬಿರ ಮುಗಿಯುವವರೆಗೂ ಅಲ್ಲೇ ಇರಲಿ, ಯಾಕೆ ಗೊತ್ತಾ? ಕೊಪ್ಪಳ, ಬಳ್ಳಾರಿ ಕಡೆ ಮೇ ಶುರುವಿನಲ್ಲೇ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ರಾಯಚೂರಲ್ಲಿ ಮೂರ್ನಾಲ್ಕು ದಿನ ತಡ. ಕೊಪ್ಪಳ ಜಿಲ್ಲೆಯಲ್ಲಿ ಮಧ್ಯಾಹ್ನ ಸುಮಾರು 12.22ಕ್ಕೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. 12ಕ್ಕೇ ಯಾಕಲ್ಲ? ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದರ ಪಶ್ಚಿಮಕ್ಕೆ, 76ರ ಆಸುಪಾಸಿನಲ್ಲಿ. ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ಬರುವುದು ಅಷ್ಟು ತಡ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೀಗಾಗುತ್ತದೆ, ಆದರೆ ಆಗ ಮೋಡದ ಕಾಟ. ದೆಹಲಿ ಮಕ್ಕಳಿಗೆ ಇದು ಯಾವತ್ತೂ ಕಾಣುವುದಿಲ್ಲ, ಕರ್ಕಾಟಕ ವೃತ್ತದ ಆಚೆ ಇದ್ದಾರೆ ಅವರು. ಬಿಸಿಲೂರು ಅಂತ ನಮ್ಮನ್ನು ಆಡಿಕೊಳ್ಳುತ್ತಾರಲ್ಲ, ಆ ಬಿಸಿಲು ನಮ್ಮ ಮಕ್ಕಳಿಗೆ ಕೊಟ್ಟಿರುವ ಪ್ರಯೋಗ ಇದು. ಪುಕ್ಕಟೆ.

ಇನ್ನೊಂದು ಮಾತು. ಯಾವಳಾದರೂ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಅವ್ವ ನರೇಗಾ ಕೆಲಸಕ್ಕೆ ಹೋಗಿರುತ್ತಾಳೆ. ಒಳಗೆ ಬರಲೋ ಬೇಡವೋ ಅಂತ ಕಾಲ್ಬೆರಳಿಂದ ನೆಲ ಕೆರೆಯುತ್ತಿರುತ್ತಾಳೆ. 'ಕೂಸನ್ನು ಬಿಟ್ಟು ಬಾ' ಎನ್ನಬೇಡ ತಂಗಿ. ಚಾಪೆ ಹಾಸಿ ಕೂಸಿಗೂ ಒಂದು ಕಲ್ಲು ಕೊಡು, ಅದರ ಹೆಸರನ್ನು ಅಕ್ಕನೇ ಬರೆಯುತ್ತಾಳೆ. ಕೊಪ್ಪಳದ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುವಾಗ ನಾನು ಇಂಥ ಹುಡುಗಿಯರನ್ನು ತುಂಬಾ ನೋಡಿದ್ದೇನೆ. ಒಳಗೆ ಕೂತರೆ ಅವರಷ್ಟು ಗಮನ ಕೊಟ್ಟು ಕೇಳುವವರು ಸಿಗುವುದಿಲ್ಲ.

ಪ್ರಶ್ನೆ: ಮೇಡಂ, ಆರನೇ ಕ್ಲಾಸಿನ ಮಗನನ್ನು ಶಿಬಿರಕ್ಕೆ ಸೇರಿಸಿದ್ದೇವೆ. ಮೊದಲ ದಿನವೇ ಸಂಗನಕಲ್ಲು ಗುಡ್ಡಕ್ಕೆ ಕರೆದೊಯ್ಯುತ್ತಾರಂತೆ. ಈ ಬಿಸಿಲಲ್ಲಿ ಕಳಿಸಬಹುದಾ? ತಿನ್ನಲು ಏನು ಕೊಡಲಿ?
– ತಾಯಿ, ಬಳ್ಳಾರಿ

ಉತ್ತರ: ಜಾಗ ಒಳ್ಳೆಯದು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಅಲ್ಲಿ ಕಲ್ಲಿನ ಕೊಡಲಿ ತಯಾರಿಸುತ್ತಿದ್ದರು. ಅಲ್ಲಿನ ಕಪ್ಪು ಬಂಡೆಗಳ ಮೇಲೆ ಅವರು ಕುಟ್ಟಿ ಬಿಡಿಸಿದ ಗೂಳಿಗಳಿವೆ. ಕೆಲವು ಬಂಡೆ ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ಆದರೆ ಚಿತ್ರ ಇರುವ ಬಂಡೆಗೆ ಕಲ್ಲಿಂದ ಬಡಿಯಬಾರದು ಎಂದು ಮಗನಿಗೆ ಈಗಲೇ ಹೇಳಿಡಿ. ಶಿಬಿರದವರನ್ನು ಒಂದು ಮಾತು ಕೇಳಿ: ಎಷ್ಟು ಗಂಟೆಗೆ ಗುಡ್ಡ ಇಳಿಯುತ್ತೀರಿ? ಒಂಬತ್ತರೊಳಗೆ ಅಂದರೆ ಕಳಿಸಿ. ಇಲ್ಲವೆಂದರೆ ಮೊದಲ ದಿನ ಊರಲ್ಲೇ ಇರುವ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ತೋರಿಸಿ ಎನ್ನಿ. ಸಂಗನಕಲ್ಲಿನಲ್ಲಿ ಸಿಕ್ಕ ವಸ್ತುಗಳು ಅಲ್ಲಿವೆ. ಅವನ್ನು ನೋಡಿ ಗುಡ್ಡಕ್ಕೆ ಹೋದರೆ ಕಣ್ಣು ತಾನಾಗಿಯೇ ಹುಡುಕುತ್ತದೆ.

ತಿನ್ನಲು ಮಂಡಕ್ಕಿ ವಗ್ಗರಣೆ ಕೊಡಿ, ಜೊತೆಗೆ ಮಿರ್ಚಿ ಮಾತ್ರ ಬೇಡ. ನೀರು, ಉಪ್ಪು ಹಾಕಿದ ಮಜ್ಜಿಗೆ, ಟೋಪಿ ಇರಲಿ. ಚಪ್ಪಲಿ ಬೇಡ, ಬೂಟು ಹಾಕಿಸಿ. ಬಂಡೆ ಬೇಗ ಕಾಯುತ್ತದೆ.